ಮಾ, ಮನ, ನಮ್ಮ

ಕ್ರಿಸ್ತಮತವೆಂದರೆ ಮಂಗಳೂರು ಹಂಚು, ಧಾರವಾಡದ ಬಾಸೆಲ್ ಮಿಷನ್ ಶಾಲೆ, ಕಿಟ್ಟೆಲ್ ಸಾಹೇಬರ ಶಬ್ದಕೋಶ ಎಂದು ತಿಳಿದು ಬೆಳೆದ ನಮ್ಮಂಥ ಕನ್ನಡ ಕ್ರೈಸ್ತ ಕುಟುಂಬಗಳು ಉದ್ಯೋಗದ ನಿಮಿತ್ತ ವಿಶಾಖಪಟ್ಟಣಕ್ಕೋ ವಿಜಯವಾಡಕ್ಕೋ ಬಂದು ನೆಲಸಿದಾಗ ಮೊದಲು ಎದುರಾಗುವುದು ದೊಡ್ಡ ದೊಡ್ಡ ದೇವತಾಶಾಸ್ತ್ರದ ಪ್ರಶ್ನೆಗಳಲ್ಲ, ಸಣ್ಣ ಸಣ್ಣ ಶಬ್ದಗಳ ತೊಡಕು. ಭಾನುವಾರ ಬೆಳಿಗ್ಗೆ ಯಾವ ಭಾಷೆಯ ಆರಾಧನೆಗೆ ಹೋಗಬೇಕು? ರಾತ್ರಿ ಊಟಕ್ಕೆ ಮುಂಚೆ ಮಕ್ಕಳು ಸಂಡೇ ಸ್ಕೂಲಿನಲ್ಲಿ ಕಲಿತ ತೆಲುಗಿನಲ್ಲೇ ಪ್ರಾರ್ಥಿಸಿದರೆ ತಡೆಯಬೇಕೆ? ಗುಣದಲ ಗುಡ್ಡಕ್ಕೆ ನೆರೆಮನೆಯವರು ಕರೆದರೆ ಹೋಗಬಹುದೆ, ಹೋದರೆ ತೆಂಗಿನಕಾಯಿಯನ್ನು ಹಿಡಿದುಕೊಳ್ಳಬಹುದೆ?

ಇಂಥವಕ್ಕೆ ಪಾದ್ರಿಗಳ ಬಳಿ ಉತ್ತರ ಕೇಳುವುದು ಒಂದು ದಾರಿ. ಈ ಕರಾವಳಿಗೆ ಆ ಪ್ರಾರ್ಥನೆಯ ಶಬ್ದಗಳು ಹೇಗೆ ಬಂದವೆಂದು ನೋಡುವುದು ಇನ್ನೊಂದು ದಾರಿ. ನಾವು ವಿಜ್ಞಾನ ಓದಿ ಕೇಂದ್ರ ಸರಕಾರದ ಗುಮಾಸ್ತೆಗಿರಿಗೆ ಸೇರಿದವರು, ದೇವತಾಶಾಸ್ತ್ರ ಓದಿದವರಲ್ಲ. ಆದ್ದರಿಂದ ಎರಡನೆಯ ದಾರಿಯನ್ನೇ ಹಿಡಿದಿದ್ದೇವೆ. ಹಳೆಯ ಕಡತ ತಿರುವಿಹಾಕುವುದು ಅಭ್ಯಾಸವಾದ ಕೆಲಸ.

ವಿಶಾಖಪಟ್ಟಣದ ಹಳೆಯ ಊರಿನಲ್ಲಿ ಬಂದರಿನ ಬಾಯಿಗೆ ಕಾವಲು ನಿಂತ ಹಾಗೆ ಮೂರು ಗುಡ್ಡಗಳಿವೆ. ಒಂದರ ಮೇಲೆ ವೆಂಕಟೇಶ್ವರನ ಗುಡಿ, ಒಂದರ ಮೇಲೆ ದರ್ಗಾ, ರಾಸ್ ಹಿಲ್ ಎಂಬ ಮೂರನೆಯದರ ಮೇಲೆ ಮೇರಿಮಾತೆಯ ಇಗರ್ಜಿ. ಊರಿಗೆ ಬಂದ ನೆಂಟರಿಗೆಲ್ಲ ಇದನ್ನು ತೋರಿಸುವುದು ಇಲ್ಲಿನ ವಾಡಿಕೆ. ನೋಡಲು ಚೆನ್ನಾಗಿಯೇ ಇದೆ. ಆದರೆ ನಮ್ಮ ವಿಷಯ ಆರಂಭವಾಗುವುದು ಗುಡ್ಡದ ಮೇಲಲ್ಲ, ಕೆಳಗೆ, ಬರೆಯುವ ಮೇಜಿನ ಹತ್ತಿರ.

1805ನೆಯ ಇಸವಿಯ ಜುಲೈ ತಿಂಗಳಲ್ಲಿ ಲಂಡನ್ ಮಿಷನರಿ ಸೊಸೈಟಿಯ ಇಬ್ಬರು ತರುಣರು ವಿಶಾಖಪಟ್ಟಣಕ್ಕೆ ಬಂದಿಳಿದರು. ಒಬ್ಬರ ಹೆಸರು ಜಾರ್ಜ್ ಕ್ರಾನ್, ಇನ್ನೊಬ್ಬರದು ಆಗಸ್ಟಸ್ ಡೆ ಗ್ರಾಂಜ್. ಅವರು ಇಂಗ್ಲಿಷ್ ಹಡಗಿನಲ್ಲಿ ಬರಲಿಲ್ಲ, ಡೆನ್ಮಾರ್ಕಿನ ಹಡಗು ಹತ್ತಿ, ಡೇನರ ವಶದಲ್ಲಿದ್ದ ತರಂಗಂಬಾಡಿಯಲ್ಲಿ ಇಳಿದು, ಅಲ್ಲಿಂದ ಬಂದರು. ಈಸ್ಟ್ ಇಂಡಿಯಾ ಕಂಪನಿಗೆ ಆಗ ಪಾದ್ರಿಗಳೆಂದರೆ ಆಗುತ್ತಿರಲಿಲ್ಲ. ಧರ್ಮದ ಮಾತೆತ್ತಿದರೆ ಜನ ಕೆರಳಿ ವ್ಯಾಪಾರ ಕೆಡುತ್ತದೆಂಬ ಅಂಜಿಕೆ. 1813ರ ಸನ್ನದಿನ ತನಕ ಹೀಗೇ ನಡೆಯಿತು. ಪಾದ್ರಿಗಳೂ ಕಂಪನಿ ಸರಕಾರವೂ ಮೊದಲಿನಿಂದ ಕೈಕೈ ಹಿಡಿದು ಬಂದರೆಂದು ಭಾಷಣಗಳಲ್ಲಿ ಕೇಳುತ್ತೇವಷ್ಟೆ. ಹಡಗಿನ ಟಿಕೇಟನ್ನು ನೋಡಿದರೆ ಕಥೆ ಅಷ್ಟು ಸರಳವಲ್ಲವೆಂದು ತಿಳಿಯುತ್ತದೆ.

ಆ ಇಬ್ಬರಿಗೂ ತೆಲುಗು ಬಾರದು. ಅವರಿಗೆ ಒದಗಿ ಬಂದವರು ಆನಂದರಾಯರು. ಮಿಷನರಿಗಳು ಬರೆದಿಟ್ಟ ವೃತ್ತಾಂತದಲ್ಲಿ ಇವರ ಪೂರ್ವಕಥೆ ಇದೆ, ಕನ್ನಡಿಗರಾದ ನಾವು ಅದನ್ನು ಸ್ವಲ್ಪ ನಿಧಾನವಾಗಿ ಓದಬೇಕು. ತೆಲುಗು ಬ್ರಾಹ್ಮಣರು. ಟಿಪ್ಪು ಸುಲ್ತಾನನ ಸೈನ್ಯದ ಒಂದು ದಳದಲ್ಲಿ ಲೆಕ್ಕ ಬರೆಯುತ್ತಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಸುಲ್ತಾನ ಮಡಿದ ಮೇಲೆ ಅದೇ ಕೆಲಸವನ್ನು ಇಂಗ್ಲಿಷರ ಕೈಕೆಳಗೆ ಮುಂದುವರಿಸಿದರು. ದೊರೆ ಬದಲಾದರೂ ಲೆಕ್ಕದ ಪುಸ್ತಕ ಬದಲಾಗುವುದಿಲ್ಲವೆಂಬುದು ನಮ್ಮ ವೃತ್ತಿಯವರಿಗೆಲ್ಲ ಗೊತ್ತಿರುವ ಸಂಗತಿ. ಮೈಸೂರಿನ ಅನ್ನ ಉಂಡು ಕೊನೆಗೆ ಈ ಸಮುದ್ರತೀರಕ್ಕೆ ಬಂದು ಸೇರಿದ ಈ ಲೆಕ್ಕಿಗರಿಗೆ ನಮ್ಮ ಸಂಘ ಗೌರವ ಸದಸ್ಯತ್ವ ಕೊಟ್ಟರೂ ತಪ್ಪಿಲ್ಲ!

ಆನಂದರಾಯರಿಗೆ ಮೋಕ್ಷದ ಚಿಂತೆ ಹತ್ತಿತು. ಹಿರಿಯ ಬ್ರಾಹ್ಮಣರೊಬ್ಬರು ಒಂದು ಮಂತ್ರವನ್ನು ನಾಲ್ಕು ಲಕ್ಷ ಸಲ ಜಪಿಸಬೇಕೆಂದು ಹೇಳಿದರು. ದಿನಕ್ಕೆ ಎರಡು ಸಾವಿರದಂತೆ ಮಾಡಿದರೂ ಇನ್ನೂರು ದಿನ ಬೇಕು. ರಾಯರು ದೇವಸ್ಥಾನದಲ್ಲಿ ಕುಳಿತು ಅದನ್ನು ಪೂರೈಸಿದರು, ಲೆಕ್ಕ ತಪ್ಪೀತೆಂದು ಹೇಳಿದ್ದಕ್ಕಿಂತ ಹೆಚ್ಚೇ ಜಪಿಸಿದರಂತೆ. ಆದರೂ ಶಾಂತಿ ಸಿಗಲಿಲ್ಲ. ಊರಿಗೆ ಹಿಂದಿರುಗುವ ದಾರಿಯಲ್ಲಿ ಒಬ್ಬ ಕಥೋಲಿಕ ಕ್ರೈಸ್ತನ ಮಾತು, ಅವನು ಕೊಟ್ಟ ತೆಲುಗು ಪುಸ್ತಕ, ಆಮೇಲೆ ಕಥೋಲಿಕ ದೀಕ್ಷೆ, ಅಲ್ಲಿಂದ ತರಂಗಂಬಾಡಿ ಕಡೆಯ ಲೂಥರನ್ ಪಾದ್ರಿಗಳ ಸಹವಾಸ. ತಮಿಳಿನಲ್ಲಿ ಬೈಬಲ್ಲಿದೆ, ತೆಲುಗಿನಲ್ಲಿ ಏಕಿಲ್ಲ ಎಂಬ ಪ್ರಶ್ನೆ ಅವರನ್ನು ಹಿಡಿಯಿತು. ಆ ಪ್ರಶ್ನೆಯೇ ಅವರನ್ನು ವಿಶಾಖಪಟ್ಟಣಕ್ಕೆ ಕರೆತಂದಿತು.

ಮಿಷನ್ ಪುಸ್ತಕಗಳು ಈ ನಾಲ್ಕು ಲಕ್ಷ ಜಪವನ್ನು ಹೇಳುವುದು ಜಪದ ವ್ಯರ್ಥತೆಯನ್ನು ತೋರಿಸುವುದಕ್ಕಾಗಿ. ನಮಗೆ ಹಾಗೆ ಕಾಣುವುದಿಲ್ಲ. ಬಾಯಾರಿಕೆ ಎಷ್ಟಿತ್ತೆಂಬುದು ಬಾವಿ ತೋಡಿದ ಆಳದಿಂದ ತಿಳಿಯುತ್ತದೆ. ಎಣಿಸುವುದೇ ತಪ್ಪಾದರೆ ನಮ್ಮ ಲೆಕ್ಕವನ್ನೂ ಒಮ್ಮೆ ತೆಗೆಯಬೇಕು. ದಿನಕ್ಕೊಮ್ಮೆ ಕರ್ತನ ಪ್ರಾರ್ಥನೆ ಹೇಳುವ ಕ್ರೈಸ್ತನು ನಲವತ್ತು ವರ್ಷದಲ್ಲಿ ಅದನ್ನು 14,600 ಸಲ ಹೇಳಿರುತ್ತಾನೆ. ಅವುಗಳಲ್ಲಿ ಎಷ್ಟು ಸಲ ಮನಸ್ಸು ತಂದೆಯ ಮೇಲಿತ್ತು, ಎಷ್ಟು ಸಲ ಬಸ್ಸಿನ ಹೊತ್ತಿನ ಮೇಲಿತ್ತು ಎಂದು ಯಾರು ಬರೆದಿಟ್ಟಿದ್ದಾರೆ?

ಕ್ರಾನ್ 1809ರಲ್ಲಿ ತೀರಿಕೊಂಡರು, ಡೆ ಗ್ರಾಂಜ್ 1810ರಲ್ಲಿ. ಬಂದು ಐದು ವರ್ಷ ತುಂಬುವಷ್ಟರಲ್ಲಿ ಇಬ್ಬರೂ ಇಲ್ಲ. ಆನಂದರಾಯರ ನೆರವಿನಿಂದ ಸಿದ್ಧವಾಗಿದ್ದ ಮತ್ತಾಯ, ಮಾರ್ಕ, ಲೂಕರ ಸುವಾರ್ತೆಗಳು 1812ರಲ್ಲಿ ಬಂಗಾಳದ ಶ್ರೀರಾಂಪುರದಲ್ಲಿ ಅಚ್ಚಾದವು. ಅದೇ ವರ್ಷದ ಮಾರ್ಚ್ 11ರಂದು ಆ ಛಾಪಖಾನೆಗೆ ಬೆಂಕಿ ಬಿದ್ದು ಎಷ್ಟೋ ಭಾಷೆಗಳ ಅಚ್ಚುಮೊಳೆಗಳೂ ಹಸ್ತಪ್ರತಿಗಳೂ ಬೂದಿಯಾದವು. ವಿಶಾಖಪಟ್ಟಣದಲ್ಲಿ ಎಡ್ವರ್ಡ್ ಪ್ರಿಚೆಟ್ ಎಂಬವರು ಕೆಲಸವನ್ನು ಮುಂದುವರಿಸಿದರು, ಅವರ ತೆಲುಗು ಹೊಸ ಒಡಂಬಡಿಕೆ 1818ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಅದಕ್ಕೂ ತೊಂಬತ್ತು ವರ್ಷ ಹಿಂದೆ ಮದರಾಸಿನಲ್ಲಿ ಬೆಂಜಮಿನ್ ಶುಲ್ಟ್ಸ್ ಎಂಬ ಜರ್ಮನ್ ಪಾದ್ರಿ ತೆಲುಗಿಗೆ ಅನುವಾದ ಮಾಡಿದ್ದುಂಟು. ಅದು ಅಚ್ಚು ಕಾಣದೆ ಕಾಗದದಲ್ಲೇ ಉಳಿಯಿತು.

ಇಲ್ಲಿ ಬಳ್ಳಾರಿಯ ಮಾತು ಬರಬೇಕು. ಡೆ ಗ್ರಾಂಜ್ ತೀರಿಕೊಂಡ 1810ರಲ್ಲೇ ಅದೇ ಲಂಡನ್ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಕನ್ನಡ ಕಲಿಯತೊಡಗಿದರು. ಇಪ್ಪತ್ತು ವರ್ಷಗಳ ದುಡಿಮೆಯ ಮೇಲೆ, 1831ರ ಹೊತ್ತಿಗೆ, ಕನ್ನಡದಲ್ಲಿ ಇಡೀ ಬೈಬಲ್ ಮುಗಿಯಿತು. ಅಂದರೆ ಕನ್ನಡ ಬೈಬಲ್ಲೂ ತೆಲುಗು ಬೈಬಲ್ಲೂ ಒಂದೇ ಸೊಸೈಟಿಯ, ಒಂದೇ ಮದರಾಸು ಆಧಿಪತ್ಯದ ಎರಡು ಊರುಗಳಲ್ಲಿ ಹೆಚ್ಚುಕಡಮೆ ಒಂದೇ ಕಾಲಕ್ಕೆ ಹುಟ್ಟಿದ ಅಕ್ಕತಂಗಿಯರು. ಬಳ್ಳಾರಿಯಲ್ಲಿ 1846ರಲ್ಲಿ ಶಾಲೆ ತೆರೆದ ವಾರ್ಡ್‌ಲಾ ಪಾದ್ರಿಗಳು ಮುಂದೆ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದು, ಅಲ್ಲಿ ದೀರ್ಘಕಾಲ ನೆಲಸಿದ್ದ ಜಾನ್ ಹೇ ಅವರೊಂದಿಗೆ ತೆಲುಗು ಬೈಬಲ್ಲಿನ ಪರಿಷ್ಕರಣೆಯಲ್ಲಿ ಕುಳಿತರು. ವರ್ಗಾವಣೆಯ ಕಷ್ಟ ಸರಕಾರಿ ನೌಕರರಿಗೆ ಮಾತ್ರ ಮೀಸಲಲ್ಲ. ಆ ಶಾಲೆ ಬಳ್ಳಾರಿಯಲ್ಲಿ ಈಗಲೂ ವಾರ್ಡ್‌ಲಾ ಹೆಸರಿನಲ್ಲೇ ಇದೆ.

ಆದರೆ ಅಕ್ಕತಂಗಿಯರು ಒಂದೇ ಮುಖದವರಲ್ಲ. ಎರಡೂ ಭಾಷೆಯ ಬೈಬಲ್ಲನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿದವರಿಗೆ ಮೊದಲ ಪುಟದಲ್ಲೇ ಇದು ತಿಳಿಯುತ್ತದೆ. ತೆಲುಗಿನಲ್ಲಿ ‘ದೇವುಡು’, ಏಕವಚನ. ಕನ್ನಡದಲ್ಲಿ ‘ದೇವರು’, ಗೌರವದ ಬಹುವಚನ. ದೇವರು ಒಬ್ಬನೇ ಎಂದು ಸಾರಲು ಬಂದವರಿಗೆ ಬಹುವಚನದ ಪ್ರತ್ಯಯ ಕಾಲಿಗೆ ತೊಡರಿರಬೇಕು. ‘ದೇವನು’ ಎಂದರೆ ಹಲವರಲ್ಲಿ ಒಬ್ಬ ದೇವನಾಗುತ್ತಾನೆ, ‘ದೇವರು’ ಎಂದರೆ ಕ್ರಿಯಾಪದವೂ ಬಹುವಚನವಾಗಬೇಕು. ನಮ್ಮ ಹಳೆಯ ಕನ್ನಡ ಬೈಬಲ್ಲು ಕಂಡುಕೊಂಡ ಉಪಾಯ ವಿಚಿತ್ರವಾದದ್ದು: ಕರ್ತೃಪದ ‘ದೇವರು’, ಕ್ರಿಯಾಪದ ‘ಮಾಡಿದನು’. ಶಾಲೆಯಲ್ಲಿ ಹಾಗೆ ಬರೆದರೆ ಪಂಡಿತರು ಕೆಂಪು ಶಾಯಿ ಹಚ್ಚುತ್ತಿದ್ದರು. ಮನೆಯಲ್ಲಿ ಅಜ್ಜಿ ಓದುವಾಗ ಮಾತ್ರ ಅದು ತಪ್ಪೆಂದು ಯಾರಿಗೂ ಅನ್ನಿಸಿದ್ದಿಲ್ಲ. ಜನ ಕೊಡುವ ಗೌರವವೂ ಇರಲಿ, ಒಬ್ಬನೇ ಎಂಬ ಸಿದ್ಧಾಂತವೂ ಇರಲಿ ಎಂದು ವ್ಯಾಕರಣವೇ ಸ್ವಲ್ಪ ಬಾಗಿಕೊಟ್ಟಿದೆ.

ಯೇಸುವಿಗೆ ನಾವು ಹೇಳುವುದು ‘ಕರ್ತ’, ತೆಲುಗರು ಹೇಳುವುದು ‘ಪ್ರಭುವು’. ಆದಾಯ ತೆರಿಗೆಯ ಕಾಗದಗಳನ್ನು ನೋಡಿದವರಿಗೆ ‘ಕರ್ತ’ ಎಂದರೆ ಅವಿಭಕ್ತ ಕುಟುಂಬದ ಯಜಮಾನ. ಇತ್ತ ತೆಲುಗಿನಲ್ಲಿ ಸರಕಾರಕ್ಕೆ ‘ಪ್ರಭುತ್ವಂ’ ಎನ್ನುವುದರಿಂದ ನಮ್ಮಂಥವರು ‘ಪ್ರಭುತ್ವ ಉದ್ಯೋಗಿ’ಗಳು. ಭಾನುವಾರ ಒಬ್ಬ ಪ್ರಭು, ಸೋಮವಾರ ಇನ್ನೊಬ್ಬ! ಬಾಪ್ತಿಸ್ಮಕ್ಕೆ ಕನ್ನಡದ ಪ್ರೊಟೆಸ್ಟಂಟರು ‘ದೀಕ್ಷಾಸ್ನಾನ’ವೆಂಬ ಪದವನ್ನು ಇಟ್ಟುಕೊಂಡರು, ತೆಲುಗಿನವರು ಗ್ರೀಕ್ ಪದವನ್ನೇ ‘ಬಾಪ್ತಿಸ್ಮಮು’ ಮಾಡಿಕೊಂಡರು. ದೀಕ್ಷೆ ಎಂದೊಡನೆ ಕರ್ನಾಟಕದವನಿಗೆ ಲಿಂಗದೀಕ್ಷೆ ನೆನಪಾಗುತ್ತದೆ, ಗುರು ನೆನಪಾಗುತ್ತಾನೆ, ನೇಮ ನೆನಪಾಗುತ್ತದೆ. ಆ ನೆನಪುಗಳನ್ನೆಲ್ಲ ಹೊರಗೆ ನಿಲ್ಲಿಸಿ ಬರಿಯ ಶಬ್ದವನ್ನು ಒಳಗೆ ಕರೆಯಲು ಸಾಧ್ಯವಿಲ್ಲ. ಕನ್ನಡ ಕ್ರೈಸ್ತರ ಪ್ರಾರ್ಥನೆಯಲ್ಲಿ ಬಸವಣ್ಣನವರ ನೆಲದ ಮಣ್ಣು ಸ್ವಲ್ಪ ಅಂಟಿಕೊಂಡೇ ಇದೆ. ಅದನ್ನು ತೊಳೆಯಬೇಕೆಂದು ನಮಗೆ ಎಂದೂ ಅನ್ನಿಸಿಲ್ಲ.

ಇವೆಲ್ಲಕ್ಕಿಂತ ಹೆಚ್ಚಾಗಿ ಕನ್ನಡಿಗನನ್ನು ಇಲ್ಲಿ ತಡೆದು ನಿಲ್ಲಿಸುವುದು ಎರಡು ಅಕ್ಷರದ ಮಾತು. ಕನ್ನಡದಲ್ಲಿ ‘ನಾವು’, ‘ನಮ್ಮ’ ಎಂದರೆ ಮುಗಿಯಿತು. ಕೇಳುವವನು ಅದರೊಳಗೆ ಸೇರಿದ್ದಾನೋ ಇಲ್ಲವೋ ಎಂಬುದನ್ನು ಸಂದರ್ಭ ನೋಡಿ ತಿಳಿಯಬೇಕು. ತೆಲುಗಿನಲ್ಲಿ ಹಾಗಲ್ಲ. ಕೇಳುವವನನ್ನು ಬಿಟ್ಟು ನಾವು ಎನ್ನಲು ‘ಮೇಮು’, ‘ಮಾ’. ಕೇಳುವವನನ್ನೂ ಸೇರಿಸಿ ನಾವು ಎನ್ನಲು ‘ಮನಮು’, ‘ಮನ’. ‘ಮಾ ಇಲ್ಲು’ ಎಂದರೆ ನಮ್ಮ ಮನೆ, ನೀವು ಅತಿಥಿ. ‘ಮನ ಇಲ್ಲು’ ಎಂದರೆ ನೀವೂ ಮನೆಯವರೇ. ತಮಿಳಿನಲ್ಲೂ ಈ ಭೇದ ಉಂಟು. ಹೊಸದಾಗಿ ಬಂದ ಕನ್ನಡಿಗನನ್ನು ತೆಲುಗರು ಗುರುತಿಸುವುದು ಬಹಳ ಸಲ ಇದರಿಂದಲೇ.

ದೇವಾಲಯದೊಳಗೆ ಬಂದರೆ ಇದು ಬರಿಯ ವ್ಯಾಕರಣವಾಗಿ ಉಳಿಯುವುದಿಲ್ಲ. ದೇವರನ್ನು ಕುರಿತು ತಂದೆಯೇ ಎಂದು ಕರೆಯುವಾಗ ತೆಲುಗಿನಲ್ಲಿ ‘ಮಾ’ ಎಂದೇ ಹೇಳಬೇಕು, ಏಕೆಂದರೆ ಕೇಳುವವನು ದೇವರು, ಆತನು ತನಗೆ ತಾನೇ ತಂದೆಯಲ್ಲ. ಬೋಧಕರು ಸಭೆಯ ಕಡೆಗೆ ತಿರುಗಿ ನಮ್ಮ ಪ್ರಭು ಎನ್ನುವಾಗ ‘ಮನ’ ಎನ್ನಬೇಕು. ‘ಮಾ’ ಎಂದರೆ ಪ್ರಭುವನ್ನು ಪೀಠದ ಮೇಲಿರುವವರು ಮಾತ್ರ ಇಟ್ಟುಕೊಂಡ ಹಾಗಾಗುತ್ತದೆ. ಒಂದೇ ಆರಾಧನೆಯಲ್ಲಿ ಬಾಯಿ ಇಪ್ಪತ್ತು ಸಲ ಈ ಗಡಿಯನ್ನು ದಾಟುತ್ತದೆ.

ಅನುವಾದಕನ ಕಷ್ಟವನ್ನು ಯೋಚಿಸಿ ನೋಡಿ. ಗ್ರೀಕಿನಲ್ಲಿ ಈ ಭೇದವಿಲ್ಲ, ಇಂಗ್ಲಿಷಿನಲ್ಲೂ ಇಲ್ಲ. ಗಲಿಲಾಯ ಸಮುದ್ರದಲ್ಲಿ ಬಿರುಗಾಳಿ ಎದ್ದಾಗ ಯೇಸು ದೋಣಿಯಲ್ಲಿ ಮಲಗಿರುತ್ತಾನೆ, ಶಿಷ್ಯರು ಎಬ್ಬಿಸಿ ನಾವು ಸಾಯುತ್ತೇವೆ ಎಂದು ಕೂಗುತ್ತಾರೆ. ಆ ‘ನಾವು’ ಯಾವುದು? ‘ಮೇಮು’ ಎಂದರೆ ಮುಳುಗುವವರು ಶಿಷ್ಯರು ಮಾತ್ರ, ಆತನು ದಡದವನು. ‘ಮನಮು’ ಎಂದರೆ ಆತನೂ ಅದೇ ದೋಣಿಯವನು, ನೀರು ಒಳಗೆ ಬಂದರೆ ಆತನ ಮೂಗಿಗೂ ಬರುತ್ತದೆ. ಒಂದರಲ್ಲಿ ಆತನ ದೈವತ್ವ ಹೆಚ್ಚು ಕಾಣುತ್ತದೆ, ಇನ್ನೊಂದರಲ್ಲಿ ಮನುಷ್ಯತ್ವ. ಪೂರ್ಣ ದೇವರು, ಪೂರ್ಣ ಮನುಷ್ಯ ಎಂಬ ಸೂತ್ರವನ್ನು ಕ್ರಿ.ಶ. 451ರಲ್ಲಿ ಕಾಲ್ಸೆಡಾನಿನಲ್ಲಿ ಸಭೆ ಸೇರಿದ ಬಿಷಪರು ಬಹಳ ಜಗಳವಾಡಿ ನಿಶ್ಚಯಿಸಿದರು. ವಿಶಾಖಪಟ್ಟಣದ ಮೇಜಿನ ಮುಂದೆ ಕುಳಿತವನು ಅದನ್ನು ಒಂದೇ ಸರ್ವನಾಮದಲ್ಲಿ ನಿಶ್ಚಯಿಸಬೇಕು. ಕನ್ನಡದ ‘ನಾವು’ ಈ ಪ್ರಶ್ನೆಯನ್ನು ಎತ್ತುವುದೇ ಇಲ್ಲ. ಅದು ನಮ್ಮ ಭಾಷೆಯ ಔದಾರ್ಯವೋ ಆಲಸ್ಯವೋ ಹೇಳುವುದು ಕಷ್ಟ.

2014ರ ಅಕ್ಟೋಬರ್ 12, ಭಾನುವಾರ, ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣವನ್ನು ಹೊಕ್ಕಿತು. ಆರಾಧನೆಯೂ ಇಲ್ಲ, ಕರೆಂಟೂ ಇಲ್ಲ. ಕಿಟಕಿಯ ಗಾಜುಗಳು ಒಡೆಯತೊಡಗಿದ ಮೇಲೆ ನಮ್ಮ ಕಟ್ಟಡದ ಸಂಸಾರಗಳೆಲ್ಲ ಮೆಟ್ಟಿಲ ಸಾಲಿನಲ್ಲಿ ಬಂದು ಕುಳಿತೆವು, ಅಲ್ಲೊಂದೇ ಕಿಟಕಿ ಇರಲಿಲ್ಲ. ಮೇಲಿನ ಮನೆಯ ಒರಿಯಾ ದಂಪತಿಗಳು ಜಗನ್ನಾಥನ ಹೆಸರು ಹೇಳುತ್ತಿದ್ದರು, ಎದುರು ಮನೆಯ ಮುಸ್ಲಿಂ ಯಜಮಾನರು ಕಣ್ಣುಮುಚ್ಚಿ ಕುಳಿತಿದ್ದರು. ಕೆಳಮನೆಯ ವೃದ್ಧೆ, ಕೃಷ್ಣಾ ಜಿಲ್ಲೆಯ ಕಡೆಯ ಕ್ರೈಸ್ತರು, ಗಟ್ಟಿಯಾಗಿ ಪ್ರಾರ್ಥಿಸತೊಡಗಿದರು. ಕಾಪಾಡು ಎಂಬ ಮಾತಿನ ಹಿಂದೆ ಪ್ರತಿ ಸಲವೂ ‘ಮಮ್ಮುನು’ ಎಂದೇ ಬರುತ್ತಿತ್ತು. ಅದು ‘ಮಾ’ ಕಡೆಯ ನಾವು, ಕೇಳುವವನನ್ನು ಬಿಟ್ಟ ನಾವು. ಕೇಳುವವನು ದೇವರಾದ್ದರಿಂದ ಬಿಟ್ಟುಹೋದವನು ಆತನೊಬ್ಬನೇ. ಮೆಟ್ಟಿಲ ಮೇಲೆ ಕುಳಿತಿದ್ದವರೆಲ್ಲ, ಜಗನ್ನಾಥನವರು, ಅಲ್ಲಾಹನವರು, ಕನ್ನಡದವರು, ಆ ಮಾತಿನೊಳಗೆ ಇದ್ದೆವು. ಕೂಡಿಸುವ ‘ಮನ’ಕ್ಕಿಂತ ಬೇರ್ಪಡಿಸುವ ‘ಮಾ’ವೇ ಅಂದು ಹೆಚ್ಚು ಜನರನ್ನು ಒಳಗೆ ಕರೆದುಕೊಂಡಿತು.

ಆದರೆ ಸಭೆಯ ಚರಿತ್ರೆಯಲ್ಲಿ ಈ ‘ಮನ’ ಎಷ್ಟು ದೂರ ಚಾಚಿತು ಎಂಬುದು ಬೇರೆ ಪ್ರಶ್ನೆ. ಅದಕ್ಕೆ ದಕ್ಷಿಣಕ್ಕೆ, ಕೃಷ್ಣಾ ತೀರಕ್ಕೆ ಹೋಗಬೇಕು.

1841ರಲ್ಲಿ ಚರ್ಚ್ ಮಿಷನರಿ ಸೊಸೈಟಿಯ ರಾಬರ್ಟ್ ನೋಬಲ್ ಮತ್ತು ಹೆನ್ರಿ ಫಾಕ್ಸ್ ಮಚಲೀಪ‌ಟ್ಟಣಕ್ಕೆ ಬಂದರು. ನೋಬಲ್ ಅಲ್ಲಿ ತೆರೆದ ಶಾಲೆ ಬಹಳ ಹೆಸರಾಯಿತು. ಸಮಾಜದ ಮೇಲ್ತುದಿಯನ್ನು ಗೆದ್ದರೆ ಕೆಳಗಿನವರು ತಾವಾಗಿಯೇ ಬರುತ್ತಾರೆಂದು ಅವರ ಎಣಿಕೆ, ಆದ್ದರಿಂದ ಶಾಲೆ ಸವರ್ಣೀಯರ ಮಕ್ಕಳಿಗೆ. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಪ್ರವೇಶವಿರಲಿಲ್ಲ. 1852ರಲ್ಲಿ ಮಂಚಾಲ ರತ್ನಂ, ಐನಾಲ ಭೂಷಣಂ ಎಂಬ ಇಬ್ಬರು ವಿದ್ಯಾರ್ಥಿಗಳು ದೀಕ್ಷಾಸ್ನಾನ ಹೊಂದಿದಾಗ ಊರು ಅಲ್ಲೋಲಕಲ್ಲೋಲವಾಗಿ ಶಾಲೆ ಬರಿದಾಯಿತು. ಇಬ್ಬರೂ ಮುಂದೆ ಪಾದ್ರಿಗಳಾದರು. ಅವರ ಧೈರ್ಯವನ್ನು ನಾವು ಕಡಮೆ ಮಾಡುವುದಿಲ್ಲ, ಮನೆಯ ಬಾಗಿಲು ಮುಚ್ಚಿಹೋಗುತ್ತದೆಂದು ತಿಳಿದೂ ಹೊರಟವರು. ನೋಬಲ್ ಅವರ ಲೆಕ್ಕ ಮಾತ್ರ ತಲೆಕೆಳಗಾಯಿತು.

ತಲೆಕೆಳಗು ಮಾಡಿದವರು ಪಗೋಲು ವೆಂಕಯ್ಯ. ಬೆಜವಾಡಕ್ಕೆ, ಅಂದರೆ ಈಗಿನ ವಿಜಯವಾಡಕ್ಕೆ, ಹತ್ತಿರದ ರಾಘವಾಪುರದವರು, ಮಾಲ ಜಾತಿಯವರು. ಓದುಬರಹವಿಲ್ಲ. ವಿಗ್ರಹಗಳಲ್ಲಿ ಏನೂ ಇಲ್ಲವೆಂಬ ಮಾತೊಂದು ಯಾರ ಬಾಯಿಂದಲೋ ಅವರ ಕಿವಿಗೆ ಬಿತ್ತು. ಅಂದಿನಿಂದ ಅವರು ತಮ್ಮದೇ ಒಂದು ಪ್ರಾರ್ಥನೆಯನ್ನು ಕಟ್ಟಿಕೊಂಡರು. ಮಿಷನ್ ವೃತ್ತಾಂತಗಳು ಉಳಿಸಿಕೊಂಡಿರುವ ಅದರ ಸಾರ ಇಷ್ಟೇ: ದೊಡ್ಡ ದೇವರೇ, ನೀನು ಯಾರು, ಎಲ್ಲಿದ್ದೀಯೆ, ನಿನ್ನನ್ನು ತೋರಿಸಿಕೊ. ವರ್ಷಗಟ್ಟಲೆ ಹೀಗೇ ಕೇಳಿದರಂತೆ. ಆಮೇಲೆ ಬೆಜವಾಡದಲ್ಲಿ ಕೃಷ್ಣೆಯ ಸ್ನಾನದ ಹಬ್ಬಕ್ಕೆ ಬಂದಾಗ ಒಬ್ಬ ಬ್ರಾಹ್ಮಣನನ್ನೂ ಅದನ್ನೇ ಕೇಳಿದರು. ಆತನು ಡಾರ್ಲಿಂಗ್ ಎಂಬ ಪಾದ್ರಿಯ ಮನೆಯನ್ನು ಬೆರಳಿನಿಂದ ತೋರಿಸಿದ. 1859ರಲ್ಲಿ ಆ ಪಾದ್ರಿಯಿಂದ ವೆಂಕಯ್ಯ ದೀಕ್ಷಾಸ್ನಾನ ಪಡೆದರು. ಆಮೇಲೆ ಅವರ ಬಂಧುಗಳು, ಅವರ ಕೇರಿ, ಸುತ್ತಲಿನ ಹಳ್ಳಿಗಳ ಕೇರಿಗಳು. ಕೃಷ್ಣಾ ಗೋದಾವರಿ ಸೀಮೆಯ ಸಭೆ ಬೆಳೆದದ್ದು ಮಚಲೀಪಟ್ಟಣದ ಬೆಂಚುಗಳಿಂದಲ್ಲ, ಈ ಕೇರಿಗಳಿಂದ. ನೀರು ಮೇಲಿನಿಂದ ಕೆಳಕ್ಕೆ ಹರಿಯುತ್ತದೆಂಬುದು ಭೌತವಿಜ್ಞಾನ. ಭಕ್ತಿಗೆ ಆ ನಿಯಮ ಅನ್ವಯಿಸುವುದಿಲ್ಲವೆಂದು ತೋರುತ್ತದೆ.

ವಿಶಾಖಪಟ್ಟಣದಲ್ಲಿ ಪಂಡಿತರು ದೇವರಿಗೆ ಸರಿಯಾದ ಹೆಸರು ಹುಡುಕುತ್ತ ಎಷ್ಟು ಕಾಗದ ಕೆಡಿಸಿದರು! ವೆಂಕಯ್ಯನ ಪ್ರಾರ್ಥನೆಯಲ್ಲಿ ಹೆಸರೇ ಇಲ್ಲ, ನೀನು ಯಾರು ಎಂಬ ಪ್ರಶ್ನೆಯೇ ಹೆಸರು. ಆನಂದರಾಯರ ನಾಲ್ಕು ಲಕ್ಷವೂ ವೆಂಕಯ್ಯನ ಮೂರು ಮಾತೂ ಒಂದೇ ಬಾಗಿಲನ್ನು ತಟ್ಟಿದವು. ಇಬ್ಬರಿಗೂ ದಾರಿ ತೋರಿದ್ದು ಪಾದ್ರಿಯೇ ನೇರವಾಗಿ ಅಲ್ಲ. ಒಬ್ಬರಿಗೆ ದಾರಿಯಲ್ಲಿ ಸಿಕ್ಕ ಕಥೋಲಿಕ, ಇನ್ನೊಬ್ಬರಿಗೆ ಹೊಳೆಯ ದಡದ ಬ್ರಾಹ್ಮಣ. ಕೃಷ್ಣೆ ನಮ್ಮ ವಿಜಾಪುರ, ರಾಯಚೂರುಗಳನ್ನು ದಾಟಿ ಬಂದ ಹೊಳೆಯೆಂಬುದನ್ನು ವಿಜಯವಾಡದ ಬ್ಯಾರೇಜಿನ ಮೇಲೆ ನಿಂತ ಕನ್ನಡಿಗರಿಗೆ ಹೇಳಬೇಕಾಗಿಲ್ಲ.

1912ರಲ್ಲಿ ದೋರ್ನಕಲ್ಲಿನಲ್ಲಿ ವಿ. ಎಸ್. ಅಜರಯ್ಯನವರು ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪರಾದರು. ಹುಟ್ಟಿನಿಂದ ತಮಿಳರು, ತೆಲುಗು ಕಲಿತು ತೆಲುಗರ ಮಧ್ಯೆಯೇ ಬಾಳಿದರು. ‘ಮಾ’ ‘ಮನ’ಗಳ ಭೇದವನ್ನು ಅವರು ಮನೆಭಾಷೆಯಿಂದಲೇ ತಂದಿದ್ದರು, ಆ ಸೌಕರ್ಯ ನಮಗಿಲ್ಲ.

ಈಗ ಈ ‘ಮನ’ ಎಲ್ಲಿಗೆ ಬಂದು ನಿಂತಿದೆ? ಕಚೇರಿಯಲ್ಲಿ ಸೇವಾ ಪುಸ್ತಕಗಳನ್ನು ನೋಡುವವರಿಗೆ ಉತ್ತರ ಸ್ವಲ್ಪ ಗೊತ್ತಿರುತ್ತದೆ. 1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶದ ಪ್ರಕಾರ ಹಿಂದೂ ಅಲ್ಲದವರು ಪರಿಶಿಷ್ಟ ಜಾತಿಗೆ ಸೇರಿದವರೆಂದು ಪರಿಗಣಿತರಾಗುವಂತಿರಲಿಲ್ಲ. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು, ಕ್ರೈಸ್ತರನ್ನು ಸೇರಿಸಲಿಲ್ಲ. ಆಂಧ್ರದಲ್ಲಿ ಕ್ರೈಸ್ತರಾದ ಪರಿಶಿಷ್ಟರನ್ನು ಹಿಂದುಳಿದ ವರ್ಗಗಳ ‘ಸಿ’ ಗುಂಪಿನಲ್ಲಿ ಇಟ್ಟು ಶೇಕಡಾ 1ರ ಮೀಸಲಾತಿ ಕೊಟ್ಟಿದ್ದಾರೆ. ಆದ್ದರಿಂದ ವೆಂಕಯ್ಯನ ಜನರ ಎಷ್ಟೋ ಮನೆಗಳಲ್ಲಿ ಭಾನುವಾರದ ಹೆಸರು ಒಂದು, ಪ್ರಮಾಣಪತ್ರದ ಹೆಸರು ಇನ್ನೊಂದು. ಇದನ್ನು ಕಪಟವೆಂದು ಆಡಿಕೊಳ್ಳುವವರಿದ್ದಾರೆ. ನಮಗೆ ಹಾಗೆ ಆಡಿಕೊಳ್ಳುವ ಮನಸ್ಸಿಲ್ಲ. ಜಾತಿ ಬಿಟ್ಟು ಬಾ ಎಂದು ಸಭೆ ಕರೆಯಿತು. ಸಭೆಯೊಳಗೇ ಮಾಲರ ಓಣಿ, ಮಾದಿಗರ ಓಣಿ ಉಳಿದವು, ಮದುವೆಯ ಮಾತು ಬಂದಾಗ ರೆಡ್ಡಿ ಕ್ರೈಸ್ತರು ರೆಡ್ಡಿಗಳನ್ನೇ ಹುಡುಕಿದರು. ನಮ್ಮ ಕರ್ನಾಟಕದ ಸಭೆಗಳಲ್ಲಿ ಇದು ಇಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ? ಬೋಧಕರು ಪೀಠದಿಂದ ‘ಮನ’ ಎಂದಾಗ ಕೆಳಗೆ ಕುಳಿತವನು ಅದನ್ನು ‘ಮಾ’ ಎಂದು ಕೇಳಿಸಿಕೊಂಡರೆ ತಪ್ಪು ಕಿವಿಯದಲ್ಲ. ಕರ್ತನ ಭೋಜನಕ್ಕೆ ಸಾಲಿನಲ್ಲಿ ನಿಂತಾಗ ಒಂದೇ ಬಟ್ಟಲು. ಹೊರಗೆ ಬಂದ ಮೇಲೆ ಎಷ್ಟು ಬಟ್ಟಲು ಎಂಬುದು ದೇವತಾಶಾಸ್ತ್ರದ ಪ್ರಶ್ನೆಯೇ, ಅದನ್ನು ಸರಕಾರದ ಆದೇಶದ ಮೇಲೆ ಹಾಕಿ ಕೈತೊಳೆದುಕೊಳ್ಳಲಾಗದು.

ಗುಣದಲದ ವಿಷಯ ಹೇಳುತ್ತೇವೆಂದು ಮೊದಲಲ್ಲಿ ಸೂಚಿಸಿದ್ದೆವು. ವಿಜಯವಾಡದ ಒಂದು ಮಗ್ಗುಲಿಗೆ ಇಂದ್ರಕೀಲಾದ್ರಿಯ ಮೇಲೆ ಕನಕದುರ್ಗೆ, ಇನ್ನೊಂದು ಮಗ್ಗುಲಿಗೆ ಗುಣದಲದ ಗುಡ್ಡದಲ್ಲಿ ಮೇರಿಮಾತೆ. 1924ರಲ್ಲಿ ಅರ್ಲಾಟಿ ಎಂಬ ಇಟಲಿಯ ಪಾದ್ರಿ ಅಲ್ಲಿ ಲೂರ್ದುಮಾತೆಯ ವಿಗ್ರಹವನ್ನಿಟ್ಟರು. ಫ್ರಾನ್ಸಿನ ಲೂರ್ದಿನಲ್ಲಿ 1858ರ ಫೆಬ್ರವರಿ 11ರಂದು ಒಬ್ಬ ಬಡ ಹುಡುಗಿಗೆ ದರ್ಶನವಾಯಿತೆಂಬ ನಂಬಿಕೆಯಿಂದ ಹಬ್ಬವೂ ಫೆಬ್ರವರಿ 11ಕ್ಕೇ. ಆ ದಿನಗಳಲ್ಲಿ ಬೆಂಗಳೂರಿನ ಶಿವಾಜಿನಗರದ ಮರಿಯಮ್ಮನವರ ಹಬ್ಬವನ್ನು ನೋಡಿದವರೂ ಬೆರಗಾಗುವಷ್ಟು ಜನ ಸೇರುತ್ತಾರೆ. ಮುಡಿ ಕೊಡುತ್ತಾರೆ, ಕಾಯಿ ಒಡೆಯುತ್ತಾರೆ, ಬಂದವರಲ್ಲಿ ಕ್ರೈಸ್ತರಲ್ಲದವರು ಬಹಳ.

ಪ್ರೊಟೆಸ್ಟಂಟ್ ಮನೆಯಲ್ಲಿ ಬೆಳೆದವರಿಗೆ ಇಲ್ಲಿ ಕಾಲು ಸ್ವಲ್ಪ ತಡೆಯುತ್ತದೆ. ವಿಗ್ರಹ, ಹರಕೆ, ಮುಡಿ, ಇವನ್ನೆಲ್ಲ ಬಿಟ್ಟುಬಂದವರ ಮೊಮ್ಮಕ್ಕಳಲ್ಲವೆ ನಾವು? ವಿಜಯವಾಡದಲ್ಲಿದ್ದ ವರ್ಷಗಳಲ್ಲಿ ನಾವು ಎರಡು ಸಲ ಆ ಗುಡ್ಡ ಹತ್ತಿದ್ದೇವೆ, ಕಾಯಿ ಒಡೆದಿಲ್ಲ. ಒಡೆಯುವವರನ್ನು ನೋಡಿ ಮುಖ ತಿರುಗಿಸಿಯೂ ಇಲ್ಲ. ಮಗುವಿನ ಜ್ವರ ಬಿಟ್ಟದ್ದಕ್ಕೆ ತಾಯಿಯೊಬ್ಬಳು ಕೂದಲು ಕೊಡುತ್ತಾಳೆ. ಬೈಬಲ್ಲಿನ ಹನ್ನಳು ಮಗನನ್ನೇ ಕೊಡುತ್ತೇನೆಂದು ಹರಕೆ ಹೊತ್ತವಳು, ಅವಳನ್ನು ನಾವು ಪೀಠದಿಂದ ಹೊಗಳುತ್ತೇವೆ. ಹರಕೆಯನ್ನು ವ್ಯಾಪಾರವೆನ್ನುವ ದೇವತಾಶಾಸ್ತ್ರಜ್ಞರು ಆಸ್ಪತ್ರೆಯ ವರಾಂಡದಲ್ಲಿ ಒಂದು ರಾತ್ರಿ ಕುಳಿತು ಬಂದು ಆಮೇಲೆ ಬರೆದರೆ ಒಳ್ಳೆಯದು. ಆದರೂ ಹರಕೆ ಫಲಿಸದ ತಾಯಿಗೆ ಗುಡ್ಡದಲ್ಲಿ ಏನು ಹೇಳುತ್ತಾರೆ ಎಂಬ ಪ್ರಶ್ನೆ ಉಳಿಯುತ್ತದೆ. ಕೃಪೆ ಎಂಬುದು ಕೊಟ್ಟು ತೆಗೆದುಕೊಳ್ಳುವ ಮಾತಲ್ಲ ಎಂದು ಪೌಲನು ಒತ್ತಿ ಹೇಳಿದ್ದು ಅವಳಿಗಾಗಿ ಇರಬೇಕು. ‘ಕೃಪೆ’ ಕನ್ನಡಕ್ಕೂ ತೆಲುಗಿಗೂ ಒಂದೇ ಪದ, ಅಲ್ಲಿ ಅನುವಾದದ ಜಗಳವಿಲ್ಲ.

ಭಾಷೆಯ ಪ್ರಶ್ನೆಗೆ ಬರೋಣ. ತೆಲುಗು ಆರಾಧನೆಗಳಲ್ಲಿ ಇಂದಿಗೂ ಕೇಳಿಬರುವ ಕೀರ್ತನೆಗಳಲ್ಲಿ ಅನೇಕವು ಪುರುಷೋತ್ತಮ ಚೌಧರಿಯವರವು. 1803ರಲ್ಲಿ ಹುಟ್ಟಿ 1890ರಲ್ಲಿ ತೀರಿಕೊಂಡವರು. ಮನೆತನ ಬಂಗಾಳಿ ಬ್ರಾಹ್ಮಣರದು, ನೆಲೆ ಗಂಜಾಂ ಜಿಲ್ಲೆಯ ಒರಿಯಾ ಸೀಮೆ, ಹಾಡಿದ್ದು ತೆಲುಗಿನಲ್ಲಿ, ನಮ್ಮ ಸಂಗೀತದ ರಾಗತಾಳಗಳಲ್ಲಿ. ವಲಸೆಗಾರರ ಮಗ ಪರಭಾಷೆಯಲ್ಲಿ ಬರೆದದ್ದನ್ನು ಆ ಭಾಷೆಯವರು ತಮ್ಮದೆಂದೇ ಹಾಡುತ್ತಾರೆ. ಇಂಥವರ ಉದಾಹರಣೆ ಇರುವಾಗ ನಮ್ಮ ಮಕ್ಕಳು ತೆಲುಗಿನಲ್ಲಿ ಪ್ರಾರ್ಥಿಸುವುದನ್ನು ತಡೆಯಲು ನಮ್ಮಲ್ಲಿ ಯಾವ ವಾದವಿದೆ? ವಾದವಿಲ್ಲ. ಒಂದು ಸಂಕಟವಿದೆ, ಅಷ್ಟೆ. ‘ದೇವರು ಮಾಡಿದನು’ ಎಂಬ ಆ ಬಾಗಿದ ವ್ಯಾಕರಣವನ್ನು ಅವರು ಕೇಳದೆಯೇ ಬೆಳೆಯುತ್ತಾರಲ್ಲ ಎಂಬ ಸಂಕಟ.

ಅದಕ್ಕಾಗಿ ನಮ್ಮ ಮನೆಯಲ್ಲಿ ಒಂದು ಏರ್ಪಾಡು ಇದೆ. ಭಾನುವಾರ ಬೆಳಿಗ್ಗೆ ಆರಾಧನೆ ತೆಲುಗಿನಲ್ಲಿ, ರಾತ್ರಿ ಅದೇ ಅಧ್ಯಾಯ ಕನ್ನಡದಲ್ಲಿ. ಮಗಳು ಓದುತ್ತಾಳೆ, ಧಾರವಾಡದಲ್ಲಿರುವ ಅವಳ ಅಜ್ಜಿ ಫೋನಿನಲ್ಲಿ ಕೇಳಿಸಿಕೊಂಡು ಒತ್ತಕ್ಷರ ತಿದ್ದುತ್ತಾರೆ. ಹೋದ ತಿಂಗಳು ಮಗಳು ‘ನಮ್ಮ’ ಎಂಬಲ್ಲಿ ನಿಂತು, ಇದು ಮಾ ನೋ ಮನ ನೋ ಎಂದು ಕೇಳಿದಳು. ಅಜ್ಜಿಗೆ ತೆಲುಗು ಬಾರದು. ನಾವು ಭೇದವನ್ನು ವಿವರಿಸಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಯಾವುದಾದರೂ ಆಗಲಿ, ನನ್ನನ್ನು ಬಿಡಬೇಡಿರಿ, ಮುಂದಕ್ಕ ಓದವ್ವಾ” ಎಂದರು.